ಬ್ರಿಟನ್ನಿನಲ್ಲಿ ಬೀದಿ ಛಾಯಾಗ್ರಹಣ ಮತ್ತು ಪೊಲೀಸ್ ನಿರ್ಬಂಧ

ಬೀದಿಯಲ್ಲಿ ನಿಂತು ಕಣ್ಣಿಗೆ ಕಂಡದ್ದನ್ನು ಫೋಟೊ ತೆಗೆಯಲು ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಯಾರ ಅನುಮತಿಯೂ ಬೇಕಿಲ್ಲ. ಪೊಲೀಸರ ಫೋಟೊ ತೆಗೆಯುವುದನ್ನೂ ಯಾವ ಕಾನೂನೂ ನೇರವಾಗಿ ನಿಷೇಧಿಸಿಲ್ಲ. ಆದರೂ 2001ರಿಂದ 2010ರವರೆಗೆ ಅಲ್ಲಿನ ಪತ್ರಿಕಾ ಛಾಯಾಗ್ರಾಹಕರು, ಹವ್ಯಾಸಿಗಳು ಮತ್ತು ಪ್ರವಾಸಿಗಳು ಭಯೋತ್ಪಾದನಾ ನಿಗ್ರಹದ ಹೆಸರಿನಲ್ಲಿ ಮತ್ತೆ ಮತ್ತೆ ತಡೆಗೆ ಒಳಗಾದರು. ಇದಕ್ಕೆ ಭಯೋತ್ಪಾದನಾ ಕಾಯ್ದೆಯಲ್ಲಿ 2009ರಲ್ಲಿ ಜಾರಿಗೆ ಬಂದ ಸೆಕ್ಷನ್ 58ಎ ಕಾರಣವೆಂದು ಅನೇಕ ಬರಹಗಳು ಹೇಳುತ್ತವೆ. ಕಾಲಾನುಕ್ರಮವನ್ನು ನೋಡಿದರೆ ಈ ವಿವರಣೆ ನಿಲ್ಲುವುದಿಲ್ಲ. ಛಾಯಾಗ್ರಾಹಕರ ಕೈ ಕಟ್ಟಿದ್ದು ಛಾಯಾಗ್ರಹಣದ ಬಗ್ಗೆ ಮಾಡಿದ ಕಾನೂನಲ್ಲ, ಕಾರಣ ಕೊಡದೆ ಯಾರನ್ನಾದರೂ ಶೋಧಿಸಬಹುದೆಂಬ ಅಧಿಕಾರ. ಆದ್ದರಿಂದ ಈ ಇತಿಹಾಸದ ತಿರುವನ್ನು 2009ರಲ್ಲಿ ಅಲ್ಲ, 2001ರಲ್ಲಿ ಮತ್ತು 2010ರಲ್ಲಿ ಹುಡುಕಬೇಕು.

ಅದಕ್ಕೂ ಹಿಂದಿನ ಘಟ್ಟವನ್ನು ಸಂಕ್ಷೇಪವಾಗಿ ಹೇಳಬಹುದು. ಜರ್ಮನ್ ಗೂಢಚಾರರ ಭೀತಿ ಹಬ್ಬಿದ್ದಾಗ, 1911ರ ಆಗಸ್ಟಿನಲ್ಲಿ, ಅಧಿಕೃತ ರಹಸ್ಯಗಳ ಕಾಯ್ದೆಯು ಕಾಮನ್ಸ್ ಸಭೆಯನ್ನು ಒಂದೇ ದಿನದಲ್ಲಿ ದಾಟಿತು. ದೇಶದ ಹಿತಕ್ಕೆ ಹಾನಿ ಮಾಡುವ ಉದ್ದೇಶದಿಂದ ‘ನಿಷೇಧಿತ ಸ್ಥಳ’ದ ರೇಖಾಚಿತ್ರ ತೆಗೆಯುವುದು ಅಪರಾಧವಾಯಿತು. ರೇಖಾಚಿತ್ರ ಎಂಬುದರಲ್ಲಿ ಫೋಟೊ ಕೂಡ ಸೇರುತ್ತದೆಂದು ಕಾಯ್ದೆಯೇ ವಿವರಿಸಿತು. 1925ರ ಕಾಯ್ದೆಯೊಂದು ನ್ಯಾಯಾಲಯದ ಆವರಣದಲ್ಲಿ ಕ್ಯಾಮೆರಾ ಬಳಕೆಯನ್ನು ನಿಷೇಧಿಸಿತು. 1939ರಲ್ಲಿ ಯುದ್ಧ ಶುರುವಾದೊಡನೆ ಛಾಯಾಗ್ರಹಣ ನಿಯಂತ್ರಣ ಆದೇಶ ಹೊರಬಿತ್ತು. ಈ ಮೂರರಲ್ಲೂ ಒಂದು ಸಮಾನ ಗುಣವಿದೆ. ಯಾವ ಸ್ಥಳ, ಯಾವ ಸಂದರ್ಭ ಅಥವಾ ಯಾವ ಉದ್ದೇಶ ನಿಷಿದ್ಧ ಎಂಬುದನ್ನು ಕಾನೂನು ಮೊದಲೇ ಹೇಳುತ್ತಿತ್ತು. ನಿಷೇಧ ಕಠಿಣವಾಗಿದ್ದರೂ ಅದರ ಗಡಿ ಎಲ್ಲಿದೆಯೆಂದು ಕ್ಯಾಮೆರಾ ಹಿಡಿದವನಿಗೆ ತಿಳಿಯುತ್ತಿತ್ತು.

2000ರ ಭಯೋತ್ಪಾದನಾ ಕಾಯ್ದೆ ಈ ಗಡಿಯನ್ನು ಅಳಿಸಿತು. ಅದರ ಸೆಕ್ಷನ್ 43ರ ಪ್ರಕಾರ ಒಬ್ಬ ವ್ಯಕ್ತಿ ಭಯೋತ್ಪಾದಕನೆಂದು ಸಕಾರಣ ಶಂಕೆ ಇದ್ದರೆ ಮಾತ್ರ ಪೊಲೀಸರು ಅವನನ್ನು ಶೋಧಿಸಬಹುದು. ಸೆಕ್ಷನ್ 44ಕ್ಕೆ ಶಂಕೆಯ ಅಗತ್ಯವೇ ಇರಲಿಲ್ಲ. ಹಿರಿಯ ಅಧಿಕಾರಿಯೊಬ್ಬರು ಒಂದು ಪ್ರದೇಶವನ್ನು ಗೊತ್ತುಮಾಡಿ 28 ದಿನಗಳವರೆಗೆ ಆದೇಶ ಹೊರಡಿಸಿದರೆ ಮತ್ತು ಗೃಹ ಸಚಿವರು ಅದನ್ನು ದೃಢೀಕರಿಸಿದರೆ, ಆ ಪ್ರದೇಶದಲ್ಲಿ ಯಾರನ್ನು ಬೇಕಾದರೂ ತಡೆಯಬಹುದಿತ್ತು. ಅಪಾಯದ ಹೊತ್ತಿನಲ್ಲಿ, ಸೀಮಿತ ಜಾಗದಲ್ಲಿ ಬಳಸುವ ಅಧಿಕಾರವೆಂದೇ ಎಲ್ಲರೂ ಇದನ್ನು ತಿಳಿದಿದ್ದರು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು ಕಾಯ್ದೆ ಜಾರಿಯಾದ 2001ರ ಫೆಬ್ರವರಿಯಿಂದಲೇ ತಮ್ಮ ಇಡೀ ವ್ಯಾಪ್ತಿಗೆ ಈ ಆದೇಶವನ್ನು ಬಿಡುವಿಲ್ಲದೆ ನವೀಕರಿಸುತ್ತ ಬಂದಿದ್ದರು. ಈ ಸಂಗತಿ ಸಾರ್ವಜನಿಕರಿಗೆ ತಿಳಿದದ್ದು ವರ್ಷಗಳ ನಂತರ, ನ್ಯಾಯಾಲಯದ ವ್ಯಾಜ್ಯದ ಮೂಲಕ. ಲಂಡನ್ನಿಗರು ತಮಗೆ ಗೊತ್ತಿಲ್ಲದೆ ಹೀಗೊಂದು ಶಾಶ್ವತ ಶೋಧನಾ ವಲಯದಲ್ಲಿ ಬದುಕಿದ್ದು ಈ ಇತಿಹಾಸದ ಅತ್ಯಂತ ಗಂಭೀರ ಸಂಗತಿ, ಸಾಮಾನ್ಯ ವಿವರಣೆಗಳಲ್ಲಿ ಅತ್ಯಂತ ಕಡಿಮೆ ಜಾಗ ಪಡೆದದ್ದೂ ಅದೇ.

2003ರ ಸೆಪ್ಟೆಂಬರ್ 9ರಂದು ಲಂಡನ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಶಸ್ತ್ರಾಸ್ತ್ರ ಮೇಳದ ಬಳಿ ನಡೆದ ಎರಡು ಶೋಧಗಳು ಈ ವ್ಯಾಜ್ಯಕ್ಕೆ ಮೂಲ. ಪ್ರತಿಭಟನೆಗೆ ಸೈಕಲ್ಲಿನಲ್ಲಿ ಬಂದಿದ್ದ ಕೆವಿನ್ ಗಿಲನ್ ಮತ್ತು ಅದನ್ನು ಚಿತ್ರೀಕರಿಸಲು ಬಂದಿದ್ದ ಪತ್ರಕರ್ತೆ ಪೆನ್ನಿ ಕ್ವಿಂಟನ್ ಇಬ್ಬರನ್ನೂ ಪೊಲೀಸರು ಸೆಕ್ಷನ್ 44ರಡಿ ಶೋಧಿಸಿದರು. ಕ್ವಿಂಟನ್ ಪತ್ರಕರ್ತೆಯ ಗುರುತಿನ ಚೀಟಿ ತೋರಿಸಿದ ಮೇಲೂ ಚಿತ್ರೀಕರಣ ನಿಲ್ಲಿಸುವಂತೆ ಅಧಿಕಾರಿ ಆದೇಶಿಸಿದರು. ಶೋಧ 5 ನಿಮಿಷ ನಡೆಯಿತೆಂದು ಪೊಲೀಸ್ ದಾಖಲೆ ಹೇಳುತ್ತದೆ. ಸುಮಾರು 30 ನಿಮಿಷ ಹಿಡಿಯಿತೆಂಬುದು ಕ್ವಿಂಟನ್ ಅವರ ಅನಿಸಿಕೆ. ಈ ಅಂತರವನ್ನು ಇಂದು ಯಾರೂ ಇತ್ಯರ್ಥಪಡಿಸಲಾರರು, ಆದರೆ ಇಡೀ ದಶಕದ ದಾಖಲೆಗಳ ಸ್ವರೂಪವನ್ನು ಅದು ತೋರಿಸುತ್ತದೆ. ಬರೆಯುವವರು ಶೋಧಿಸಿದವರೇ. ಪ್ರಕಟವಾದ ಸರ್ಕಾರಿ ಅಂಕಿಅಂಶಗಳು ಶೋಧಕ್ಕೆ ಒಳಗಾದವರ ಜನಾಂಗೀಯ ಹಿನ್ನೆಲೆಯನ್ನು ಹೇಳುತ್ತವೆ, ಎಷ್ಟು ಜನರ ಕೈಯಲ್ಲಿ ಕ್ಯಾಮೆರಾ ಇತ್ತೆಂಬುದನ್ನು ಹೇಳುವುದಿಲ್ಲ.

ಛಾಯಾಗ್ರಾಹಕರನ್ನು ಪ್ರತ್ಯೇಕವಾಗಿ ಗುರಿ ಮಾಡಿರಲಿಲ್ಲ ಎಂಬ ವಾದಕ್ಕೆ ಈ ಕೊರತೆಯೇ ಆಧಾರ. ಲೆಕ್ಕ ಇಲ್ಲದಿರುವುದು ಘಟನೆ ನಡೆದಿಲ್ಲ ಎಂಬುದಕ್ಕೆ ಸಾಕ್ಷಿಯಾಗದು. ಪೊಲೀಸರದೇ ನಡೆ ಬೇರೆ ಮಾತು ಹೇಳುತ್ತದೆ. 2008ರಲ್ಲಿ ಮೆಟ್ರೊಪಾಲಿಟನ್ ಪೊಲೀಸರ ಭಿತ್ತಿಪತ್ರವೊಂದು, ಫೋಟೊ ತೆಗೆಯುವವರಲ್ಲಿ ವಿಚಿತ್ರವಾಗಿ ಕಂಡವರ ಬಗ್ಗೆ ಮಾಹಿತಿ ಕೊಡುವಂತೆ ನಾಗರಿಕರನ್ನು ಕೇಳಿತು. 2009ರ ಆಗಸ್ಟಿನಲ್ಲಿ ಗೃಹ ಇಲಾಖೆ ಛಾಯಾಗ್ರಹಣದ ಬಗ್ಗೆಯೇ ಸುತ್ತೋಲೆ ಹೊರಡಿಸಿ, ಸೆಕ್ಷನ್ 44 ಫೋಟೊ ತೆಗೆಯುವುದನ್ನು ನಿಷೇಧಿಸುವುದಿಲ್ಲವೆಂದು ಪೊಲೀಸರಿಗೆ ತಿಳಿಹೇಳಬೇಕಾಯಿತು. ಸಮಸ್ಯೆ ಇಲ್ಲದಿದ್ದರೆ ಅಂಥ ಸುತ್ತೋಲೆಯ ಅಗತ್ಯ ಬೀಳುತ್ತಿರಲಿಲ್ಲ.

ಈಗ ಸೆಕ್ಷನ್ 58ಎ. ಸೈನಿಕರು, ಗುಪ್ತಚರರು ಮತ್ತು ಪೊಲೀಸರ ಕುರಿತು ಭಯೋತ್ಪಾದಕರಿಗೆ ಉಪಯುಕ್ತವಾಗಬಹುದಾದ ಮಾಹಿತಿಯನ್ನು ಸಂಗ್ರಹಿಸುವುದನ್ನೂ ಪ್ರಕಟಿಸುವುದನ್ನೂ ಅದು 10 ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡಿತು. ಅದು ಜಾರಿಗೆ ಬಂದ 2009ರ ಫೆಬ್ರವರಿ 16ರಂದು ನೂರಾರು ಛಾಯಾಗ್ರಾಹಕರು ನ್ಯೂ ಸ್ಕಾಟ್ಲೆಂಡ್ ಯಾರ್ಡ್ ಎದುರು ನೆರೆದು ಪೊಲೀಸರ ಫೋಟೊ ತೆಗೆದರು. ಪ್ರತಿಭಟನೆ ನ್ಯಾಯವಾದದ್ದೇ, ಏಕೆಂದರೆ ಅಸ್ಪಷ್ಟ ಕಾನೂನಿನ ಭಯವೇ ಕ್ಯಾಮೆರಾವನ್ನು ಕೆಳಗಿಳಿಸಬಲ್ಲದು. ಆದರೆ ಆ ಸೆಕ್ಷನ್‌ನಲ್ಲಿ ಫೋಟೊ ಎಂಬ ಮಾತೇ ಇಲ್ಲ. ಛಾಯಾಚಿತ್ರದ ದಾಖಲೆಯನ್ನು ಹೆಸರಿಸಿ ಒಳಗೊಂಡದ್ದು 2000ದಿಂದಲೇ ಇದ್ದ ಸೆಕ್ಷನ್ 58. 2009ಕ್ಕೆ ಮೊದಲೇ ಬೀದಿಯಲ್ಲಿ ನಡೆಯುತ್ತಿದ್ದ ತಡೆಗಳನ್ನು ಆಮೇಲೆ ಬಂದ ಕಾನೂನಿನ ತಲೆಗೆ ಕಟ್ಟಿದರೆ ನಿಜವಾದ ಕಾರಣ ಮರೆಯಾಗುತ್ತದೆ.

ಪೊಲೀಸರ ಪರವಾದ ಬಲವಾದ ಆಕ್ಷೇಪ ಬೇರೆಯೇ ಇದೆ. ಭಯೋತ್ಪಾದಕರು ದಾಳಿಗೆ ಮೊದಲು ಸ್ಥಳವನ್ನು ಚಿತ್ರೀಕರಿಸಿಕೊಳ್ಳುತ್ತಾರೆ ಎಂಬುದು ಕಲ್ಪನೆಯಲ್ಲ. 2006ರಲ್ಲಿ ಲಂಡನ್ನಿನಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದ ಧೀರೇನ್ ಬರೋಟ್ ನ್ಯೂಯಾರ್ಕಿನ ಕಟ್ಟಡಗಳನ್ನು ವಿಡಿಯೊ ಮಾಡಿದ್ದ. ಅವನನ್ನು ಹಿಡಿಯಲು ನೆರವಾದದ್ದು ಗುಪ್ತಚರ ಮಾಹಿತಿ, ಬೀದಿಯ ಶೋಧವಲ್ಲ. 2009–10ರಲ್ಲಿ ಸೆಕ್ಷನ್ 44ರಡಿ 1,01,248 ಶೋಧಗಳು ನಡೆದು 506 ಬಂಧನಗಳಾದವು. ಭಯೋತ್ಪಾದನೆಗೆ ಸಂಬಂಧಿಸಿದ ಬಂಧನ ಅವುಗಳಲ್ಲಿ ಒಂದೂ ಇರಲಿಲ್ಲ. ಶೋಧದ ಭಯವೇ ದಾಳಿಕೋರರನ್ನು ದೂರವಿಡುತ್ತದೆಂಬ ಉತ್ತರವನ್ನು ಪರೀಕ್ಷಿಸುವ ದಾರಿಯಿಲ್ಲ. ನಿಜವಾಗಿ ಶಂಕೆ ಬಂದಾಗ ಬಳಸಲು ಸೆಕ್ಷನ್ 43 ಇದ್ದೇ ಇತ್ತು, ಕ್ಯಾಮೆರಾದೊಳಗಿನ ಚಿತ್ರಗಳನ್ನು ನೋಡುವ ಅಧಿಕಾರವನ್ನೂ ಅದು ಕೊಡುತ್ತದೆ. ಸ್ಥಳದಲ್ಲೇ ಚಿತ್ರ ಅಳಿಸಿಹಾಕುವಂತೆ ಒತ್ತಾಯಿಸುವ ಅಧಿಕಾರ ಮಾತ್ರ ಪೊಲೀಸರಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಗಿಲನ್ ಮತ್ತು ಕ್ವಿಂಟನ್ ಅವರ ಮೇಲ್ಮನವಿಯನ್ನು 2006ರಲ್ಲಿ, ಆಗ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವೂ ಆಗಿದ್ದ ಲಾರ್ಡ್ಸ್ ಸಭೆ ತಿರಸ್ಕರಿಸಿತು. 2010ರ ಜನವರಿ 12ರಂದು ಸ್ಟ್ರಾಸ್‌ಬರ್ಗಿನ ಯೂರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಇದಕ್ಕೆ ವಿರುದ್ಧವಾದ ತೀರ್ಪು ಕೊಟ್ಟಿತು: ಅಧಿಕಾರಕ್ಕೆ ಸಾಕಷ್ಟು ಮಿತಿಯಾಗಲಿ ರಕ್ಷಣೆಯಾಗಲಿ ಇಲ್ಲದ ಕಾರಣ ಖಾಸಗಿ ಜೀವನದ ಹಕ್ಕಿಗೆ ಭಂಗವಾಗಿದೆ. ಕ್ಯಾಮೆರಾದವರಿಗೆ ಗೆಲುವು ತಂದ ಈ ತೀರ್ಪು ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲೆ ನಿಂತಿಲ್ಲ. ಶೋಧವೇ ಅಸಲು ಸಮಸ್ಯೆ ಎಂಬುದಕ್ಕೆ ಇದು ಇನ್ನೊಂದು ಪುರಾವೆ. ಅದೇ ತಿಂಗಳ 23ರಂದು ‘ನಾನು ಛಾಯಾಗ್ರಾಹಕ, ಭಯೋತ್ಪಾದಕನಲ್ಲ’ ಎಂಬ ಆಂದೋಲನದವರು ಟ್ರಫಾಲ್ಗರ್ ಚೌಕದಲ್ಲಿ ಸೇರಿದರು. ಜುಲೈ 8ರಂದು ಗೃಹ ಸಚಿವೆ ಥೆರೆಸಾ ಮೇ ಶಂಕೆಯಿಲ್ಲದೆ ವ್ಯಕ್ತಿಗಳನ್ನು ಶೋಧಿಸುವುದನ್ನು ನಿಲ್ಲಿಸಿದರು. 2012ರ ಕಾಯ್ದೆ ಸೆಕ್ಷನ್ 44ನ್ನು ತೆಗೆದುಹಾಕಿ 47ಎ ಸೇರಿಸಿತು. ಭಯೋತ್ಪಾದಕ ಕೃತ್ಯ ನಡೆಯಲಿದೆ ಎಂಬ ಸಕಾರಣ ಶಂಕೆ ಹಿರಿಯ ಅಧಿಕಾರಿಗೆ ಇರಬೇಕು, ಆದೇಶದ ಅವಧಿ 14 ದಿನ ಮೀರಬಾರದು. ಈ ಹೊಸ ಅಧಿಕಾರವನ್ನು ಮೊದಲು ಬಳಸಿದ್ದು 2017ರ ಸೆಪ್ಟೆಂಬರಿನಲ್ಲಿ, ಪಾರ್ಸನ್ಸ್ ಗ್ರೀನ್ ರೈಲಿನ ಬಾಂಬ್ ದಾಳಿಯ ನಂತರ. ಒಂದು ಕಾಲಕ್ಕೆ ದಿನವೂ ಬೇಕೆಂದು ಹೇಳುತ್ತಿದ್ದ ಅಧಿಕಾರವಿಲ್ಲದೆ ಪೊಲೀಸರು ವರ್ಷಗಟ್ಟಲೆ ಕೆಲಸ ಮಾಡಿದ್ದರು.

2010ರ ನಂತರದ ದೂರುಗಳು ಬಹುಮಟ್ಟಿಗೆ ಬೇರೆ ಬಗೆಯವು. ಲಂಡನ್ನಿನ ಕ್ಯಾನರಿ ವಾರ್ಫ್‌ನಂಥ ಕಡೆ ಬೀದಿಯಂತೆ ಕಾಣುವ ಜಾಗ ಖಾಸಗಿ ಒಡೆತನದ್ದು. ಅಲ್ಲಿ ಫೋಟೊ ಬೇಡವೆನ್ನುವುದು ಪೊಲೀಸರಲ್ಲ, ಮಾಲೀಕರು ನೇಮಿಸಿದ ಕಾವಲುಗಾರರು. 2023ರ ರಾಷ್ಟ್ರೀಯ ಭದ್ರತಾ ಕಾಯ್ದೆ 1911ರ ಕಾಯ್ದೆಯನ್ನು ರದ್ದುಮಾಡಿದರೂ ನಿಷೇಧಿತ ಸ್ಥಳದ ಪರಿಕಲ್ಪನೆಯನ್ನು ಉಳಿಸಿಕೊಂಡಿತು. ಅಂಥ ಸ್ಥಳದ ಸುತ್ತಲಿನಿಂದ ಹೊರಡುವಂತೆ ಆದೇಶಿಸುವ ಅಧಿಕಾರವನ್ನು ಅದು ಪೊಲೀಸರಿಗೆ ಕೊಟ್ಟಿದೆ. ದೇಶದ ಹಿತಕ್ಕೆ ಅದು ಅಗತ್ಯವೆಂದು ಅಧಿಕಾರಿ ಸಕಾರಣವಾಗಿ ನಂಬಿರಬೇಕೆಂಬುದು ಅದಕ್ಕಿರುವ ಷರತ್ತು.

1911ರ ಕಾಯ್ದೆಯ ಮಾದರಿಯಲ್ಲಿ ರೂಪುಗೊಂಡ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಭಾರತದಲ್ಲಿ ಇಂದಿಗೂ ಜಾರಿಯಲ್ಲಿದೆ. ಮಹಾರಾಷ್ಟ್ರದ ವರ್ಧಾದಲ್ಲಿ ಪೊಲೀಸ್ ಠಾಣೆಯೊಳಗೆ ವಿಡಿಯೊ ಮಾಡಿದವರ ಮೇಲೆ ಇದರಡಿ ದಾಖಲಾಗಿದ್ದ ಮೊಕದ್ದಮೆಯನ್ನು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ರದ್ದುಪಡಿಸಿತು. ಕಾಯ್ದೆ ಪಟ್ಟಿ ಮಾಡಿರುವ ನಿಷೇಧಿತ ಸ್ಥಳಗಳಲ್ಲಿ ಪೊಲೀಸ್ ಠಾಣೆ ಇಲ್ಲವೆಂಬುದು ಪೀಠ ಕೊಟ್ಟ ಕಾರಣ.