ಪತ್ರಾಗಾರಗಳ ಆನ್‌ಲೈನ್ ಸೂಚಿಗಳಲ್ಲಿ ಬೆಳಗಾವಿ ಮತ್ತು ಖಾನಾಪುರ

ಕಿತ್ತೂರು ಸಂಸ್ಥಾನದ ಪತನಾನಂತರ ಸಂಗೊಳ್ಳಿ ರಾಯಣ್ಣನು 1829-30ರಲ್ಲಿ ನಡೆಸಿದ ಬಂಡಾಯವು ಉತ್ತರ ಕರ್ನಾಟಕದ ಲಾವಣಿಗಳಲ್ಲಿ ಇಂದಿಗೂ ಜೀವಂತವಾಗಿದೆ. ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಈ ವೀರನನ್ನು ಕುರಿತುದೂ ಸೇರಿದ್ದಿತು. ರಾಯಣ್ಣನನ್ನು 1831ರಲ್ಲಿ ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಲಾವಣಿಯ ಕಥನವನ್ನು ಸಮಕಾಲೀನ ಸರಕಾರಿ ಪತ್ರಗಳೊಡನೆ ಹೋಲಿಸಬಯಸುವ ಸಂಶೋಧಕನು ಇಂದು ಮೊದಲು ತೆರೆಯುವುದು ಪತ್ರಾಗಾರದ ಆನ್‌ಲೈನ್ ಸೂಚಿಯನ್ನು. ಬೆಳಗಾವಿ, ಖಾನಾಪುರ, ರಾಯಣ್ಣ ಎಂಬ ಮೂರು ಪದಗಳನ್ನು ಕೊಟ್ಟು ಹುಡುಕಿದಾಗ ನಿರೀಕ್ಷಿಸಿದುದು ದೊರೆಯದಿದ್ದರೆ, ದಾಖಲೆಗಳೇ ಇಲ್ಲವೆಂಬ ತೀರ್ಮಾನಕ್ಕೆ ಬರುವುದು ಸುಲಭ. ಈ ತೀರ್ಮಾನದ ಪರಿಣಾಮ ಸಣ್ಣದಲ್ಲ. ಒಂದೋ ಲಾವಣಿಯನ್ನೇ ಪರೀಕ್ಷೆಯಿಲ್ಲದೆ ಇತಿಹಾಸವೆಂದು ಸ್ವೀಕರಿಸಲಾಗುತ್ತದೆ, ಇಲ್ಲವೇ ದಾಖಲೆಯ ಬೆಂಬಲವಿಲ್ಲದ ಕಟ್ಟುಕಥೆಯೆಂದು ಅದನ್ನು ಬದಿಗಿರಿಸಲಾಗುತ್ತದೆ. ಸೂಚಿಯಲ್ಲಿ ಹುಡುಕುವ ಕಾರ್ಯಕ್ಕೆ ಯಂತ್ರದ ಪರಿಚಯಕ್ಕಿಂತ ಹೆಚ್ಚಾಗಿ ಪ್ರದೇಶದ ಆಡಳಿತ ಇತಿಹಾಸದ ಅರಿವು ಬೇಕೆಂಬುದನ್ನು ಈ ನಿದರ್ಶನದ ಮೂಲಕ ವಿವೇಚಿಸಬಹುದಾಗಿದೆ.

ಗ್ರಂಥಾಲಯದ ಸೂಚಿಗೂ ಪತ್ರಾಗಾರದ ಸೂಚಿಗೂ ಮೂಲಭೂತ ವ್ಯತ್ಯಾಸವಿದೆ. ಗ್ರಂಥಾಲಯವು ಪುಸ್ತಕವನ್ನು ವಿಷಯಾನುಸಾರ ವರ್ಗೀಕರಿಸುತ್ತದೆ. ಪತ್ರಾಗಾರವು ಪತ್ರಗಳನ್ನು ಅವು ಯಾವ ಕಚೇರಿಯಲ್ಲಿ ಹುಟ್ಟಿದವೋ ಆ ಕಚೇರಿಯ ಹೆಸರಿನಲ್ಲಿ, ಮೂಲಕ್ರಮದಲ್ಲಿಯೇ ಇರಿಸುತ್ತದೆ. 1841ರಲ್ಲಿ ಫ್ರಾನ್ಸಿನಲ್ಲಿ ಅಧಿಕೃತವಾಗಿ ನಿರೂಪಿತವಾದ ಈ ಮೂಲನಿಷ್ಠೆಯ ತತ್ತ್ವವನ್ನು 1898ರಲ್ಲಿ ಮೂವರು ಡಚ್ ವಿದ್ವಾಂಸರು ಶಾಸ್ತ್ರೀಯ ಕೈಪಿಡಿಯಾಗಿ ರೂಪಿಸಿದರು. ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯು 1994ರಲ್ಲಿ ಪ್ರಕಟಿಸಿದ ವಿವರಣಾ ಮಾನದಂಡವೂ ಇದನ್ನೇ ಆಧರಿಸಿದೆ. ಅದರಂತೆ ಸಂಗ್ರಹ, ಶ್ರೇಣಿ, ಕಡತ, ಬಿಡಿಪತ್ರ ಎಂಬ ಹಂತಗಳಲ್ಲಿ ವಿವರಣೆ ಇಳಿಯುತ್ತ ಹೋಗುತ್ತದೆ. ಎಲ್ಲ ಶ್ರೇಣಿಗಳಿಗೂ ಬಿಡಿಪತ್ರದ ಹಂತದವರೆಗೆ ವಿವರಣೆ ಸಿದ್ಧವಾಗಿರುವುದಿಲ್ಲ. ನೂರಾರು ಪತ್ರಗಳುಳ್ಳ ಸಂಪುಟವೊಂದಕ್ಕೆ ಇಲಾಖೆಯ ಹೆಸರು ಮತ್ತು ವರ್ಷಗಳಷ್ಟೇ ಶೀರ್ಷಿಕೆಯಾಗಿರಬಹುದು. ಅಂತಹ ಸಂಪುಟದೊಳಗೆ ನಂದಗಡದ ಹೆಸರು ಹತ್ತು ಬಾರಿ ಬಂದಿದ್ದರೂ ಯಂತ್ರಕ್ಕೆ ಅದು ಕಾಣಿಸದು. ಯಂತ್ರವು ಹುಡುಕುವುದು ಸೂಚಿಕಾರನು ಬರೆದ ವಿವರಣೆಯನ್ನೇ ಹೊರತು ದಾಖಲೆಯನ್ನಲ್ಲ.

ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ, ಆ ವರ್ಷದಲ್ಲಿ ಆ ಊರನ್ನು ಯಾರು ಆಳುತ್ತಿದ್ದರು, ಅವರು ಯಾರಿಗೆ ಪತ್ರ ಬರೆಯುತ್ತಿದ್ದರು ಎಂಬುದು. ಬೆಳಗಾವಿಯ ಕೋಟೆಯನ್ನು ಥಾಮಸ್ ಮನ್ರೋ 1818ರಲ್ಲಿ ಪೇಶ್ವೆಯ ಅಧೀನದಿಂದ ವಶಪಡಿಸಿಕೊಂಡನು. ಆದರೆ ಬೆಳಗಾವಿ ಪ್ರತ್ಯೇಕ ಜಿಲ್ಲೆಯಾದುದು 1836ರಲ್ಲಿ. ಅಲ್ಲಿಯವರೆಗೆ ಈ ಪ್ರದೇಶವು ಧಾರವಾಡದ ಕಲೆಕ್ಟರನ ಆಡಳಿತಕ್ಕೆ ಒಳಪಟ್ಟಿದ್ದಿತು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಹತನಾದ ಥ್ಯಾಕರೆ ಧಾರವಾಡದ ಕಲೆಕ್ಟರ್. ಹೀಗಿರುವಾಗ 1830ರ ಬಂಡಾಯದ ಪತ್ರಗಳನ್ನು ಬೆಳಗಾವಿ ಜಿಲ್ಲೆಯ ಶೀರ್ಷಿಕೆಯಡಿ ಹುಡುಕುವುದೆಂದರೆ ಇನ್ನೂ ಹುಟ್ಟದ ಕಚೇರಿಯ ಕಡತವನ್ನು ಹುಡುಕಿದಂತೆ. ಧಾರವಾಡ, ದಕ್ಷಿಣ ಮರಾಠಾ ಪ್ರದೇಶ, ದಕ್ಷಿಣ ಮರಾಠಾ ದೋಆಬ್ ಎಂಬ ಅಂದಿನ ಆಡಳಿತನಾಮಗಳ ಇಂಗ್ಲಿಷ್ ರೂಪಗಳೇ ಇಲ್ಲಿ ಸರಿಯಾದ ಕೀಲಿಗಳು. ಅನಂತರದ ಕಾಲಕ್ಕೂ ಇದೇ ಎಚ್ಚರ ಅಗತ್ಯ. ಬೆಳಗಾವಿ ಜಿಲ್ಲೆಯು 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದಾಗ ಚಂದಗಡ ತಾಲ್ಲೂಕು ಹೊರಗುಳಿಯಿತು. ಅದು ಇಂದು ಕೊಲ್ಲಾಪುರ ಜಿಲ್ಲೆಯಲ್ಲಿದೆ. 1973ರವರೆಗಿನ ರಾಜ್ಯದಾಖಲೆಗಳು ಮೈಸೂರಿನ ಹೆಸರಿನಲ್ಲಿವೆ. ಬೆಳಗಾವಿ ಎಂಬ ರೂಪವು ಇಂಗ್ಲಿಷಿನಲ್ಲಿ ಅಧಿಕೃತವಾದುದು 2014ರ ನವೆಂಬರ್ 1ರಿಂದ. ಅದಕ್ಕೆ ಮುನ್ನ ಸಿದ್ಧವಾದ ಸೂಚಿಗಳಿಗೆ ಪರಿಚಿತವಾದುದು 'ಬೆಲ್‌ಗಾಮ್' ಮಾತ್ರ.

ಈ ಇತಿಹಾಸದ ಫಲವಾಗಿ ಒಂದೇ ಘಟನೆಯ ಪತ್ರಗಳು ಹಲವು ನಗರಗಳಿಗೆ ಹಂಚಿಹೋಗಿವೆ. ಕಲೆಕ್ಟರನ ವರದಿ ಮುಂಬಯಿ ಸರಕಾರಕ್ಕೆ ಹೋಗುತ್ತಿದ್ದಿತು. 1821ರಲ್ಲಿ ಆರಂಭವಾದ ಅಲ್ಲಿಯ ದಾಖಲೆಗಳ ಕಚೇರಿಯೇ ಇಂದಿನ ಮಹಾರಾಷ್ಟ್ರ ರಾಜ್ಯ ಪತ್ರಾಗಾರದ ಮೂಲ. ಮಹತ್ವದ ವಿಷಯಗಳು ಕಲ್ಕತ್ತೆಯ ಗವರ್ನರ್ ಜನರಲನಿಗೂ ತಲುಪುತ್ತಿದ್ದವು. ಕೇಂದ್ರ ಸರಕಾರದ ಆ ಪತ್ರಗಳು 1891ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾಗಿ ಮುಂದೆ ದೆಹಲಿಗೆ ಬಂದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. 2015ರಲ್ಲಿ ಆರಂಭವಾದ 'ಅಭಿಲೇಖ ಪಟಲ' ಅದರ ಆನ್‌ಲೈನ್ ಶೋಧದ್ವಾರ. ಲಂಡನ್ನಿಗೆ ಹೋದ ಪ್ರತಿಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಅಲ್ಲಿ ಬೋರ್ಡಿನ ಸಂಗ್ರಹಗಳೆಂಬ 1796ರಿಂದ 1858ರವರೆಗಿನ ಶ್ರೇಣಿಯು ಒಂದೊಂದು ವಿಷಯದ ಪತ್ರಗಳನ್ನು ಒಟ್ಟುಗೂಡಿಸಿರುವುದರಿಂದ ಜಿಲ್ಲೆಯ ಇತಿಹಾಸಕಾರನಿಗೆ ವಿಶೇಷ ಉಪಯುಕ್ತ. ಪೇಶ್ವೆಯ ಕಾಲದ ಮೋಡಿ ಲಿಪಿಯ ಕಾಗದಗಳು ಪುಣೆಯಲ್ಲಿವೆ. ಖಾನಾಪುರದ ಪಶ್ಚಿಮಕ್ಕೆ ಗೋವೆ ಇದ್ದು, 1595ರಲ್ಲಿ ಸ್ಥಾಪಿತವಾದ ಅಲ್ಲಿಯ ಪತ್ರಾಗಾರದ ಪೋರ್ಚುಗೀಸ್ ದಾಖಲೆಗಳನ್ನು ಗಡಿಯ ಇತಿಹಾಸಕಾರನು ಕಡೆಗಣಿಸುವಂತಿಲ್ಲ. ಕಾಲದ ಅಂತರವನ್ನೂ ಗಮನಿಸಬೇಕು. ಹಡಗು ಆಫ್ರಿಕವನ್ನು ಬಳಸಿ ಹೋಗುತ್ತಿದ್ದ ದಿನಗಳಲ್ಲಿ ಪತ್ರವು ಲಂಡನ್ ತಲುಪಲು ತಿಂಗಳುಗಳು ಬೇಕಾಗುತ್ತಿದ್ದವು. 1830ರ ಘಟನೆಯ ಪತ್ರಗಳು 1832 ಅಥವಾ 1833ರ ಸಂಪುಟದಲ್ಲಿ ದೊರೆತರೆ ಆಶ್ಚರ್ಯಪಡಬೇಕಾದುದಿಲ್ಲ. ವರ್ಷವನ್ನು ಬಿಗಿಯಾಗಿ ಮಿತಿಗೊಳಿಸಿದವನಿಗೆ ಅವು ಕೈತಪ್ಪುತ್ತವೆ.

ಸ್ಥಳನಾಮಗಳ ತೊಡಕು ಇನ್ನೊಂದು ಬಗೆಯದು. ಮುಂಬಯಿ ಪ್ರಾಂತದಲ್ಲಿ ಖಾನಾಪುರಗಳು ಎರಡು. ಬೆಳಗಾವಿ ಜಿಲ್ಲೆಯದು ಒಂದು. ಅಂದು ಸಾತಾರಾ ಜಿಲ್ಲೆಯಲ್ಲಿದ್ದು ಇಂದು ಸಾಂಗಲಿಗೆ ಸೇರಿರುವುದು ಮತ್ತೊಂದು. ಮಳೆ, ಕಂದಾಯ, ಬರಗಾಲಗಳ ಕಡತ ಯಾವ ಖಾನಾಪುರದ್ದೆಂಬುದನ್ನು ಶ್ರೇಣಿಯ ಮೇಲಿನ ಹಂತವನ್ನು ನೋಡಿಯೇ ನಿಶ್ಚಯಿಸಬೇಕು. ರಾಯಣ್ಣನ ಬಂಡಾಯದ ಕಥನದಲ್ಲಿ ಕಚೇರಿ ಸುಟ್ಟ ಪ್ರಸಂಗಕ್ಕೆ ಪ್ರಸಿದ್ಧವಾದ ಬೀಡಿಯು ಖಾನಾಪುರ ತಾಲ್ಲೂಕಿನ ಗ್ರಾಮ. ರೋಮನ್ ಲಿಪಿಯಲ್ಲಿ ಅದರ ಹೆಸರನ್ನು ಕೊಟ್ಟರೆ ಹೊಗೆಸೊಪ್ಪಿನ ಬೀಡಿಯ ತೆರಿಗೆ, ಬೀಡಿ ಕಾರ್ಮಿಕರ ಕಡತಗಳೂ ಜೊತೆಯಲ್ಲಿಯೇ ಬರುತ್ತವೆ. ಕಿತ್ತೂರಿನ 'ತೂ' ಅಕ್ಷರದ ದೀರ್ಘಕ್ಕೆ ಒಮ್ಮೆ 'ಯು' ಎಂಬ ಒಂದೇ ಅಕ್ಷರವನ್ನೂ, ಒಮ್ಮೆ ಎರಡು 'ಓ'ಗಳನ್ನೂ ಆಂಗ್ಲ ಗುಮಾಸ್ತರು ಬರೆದಿದ್ದಾರೆ. ಹೆಸರಿನ ಸ್ಥಿರಭಾಗವನ್ನಷ್ಟೇ ಬರೆದು ಉಳಿದುದಕ್ಕೆ ನಕ್ಷತ್ರಚಿಹ್ನೆಯನ್ನಿಡುವ ಸೌಲಭ್ಯವಿರುವ ಸೂಚಿಗಳಲ್ಲಿ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ. ಬೆಳಗಾವಿ ನಗರದ ಒಳಗೂ ಇಂತಹ ಗಡಿಗಳಿದ್ದವು. ಇಂದು ನಗರದ ಭಾಗವಾಗಿರುವ ಶಹಾಪುರವು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಿತು. ಅಲ್ಲಿಯ ನೇಕಾರರ ಅಥವಾ ವ್ಯಾಪಾರಿಗಳ ಇತಿಹಾಸವನ್ನು ಬೆಳಗಾವಿ ಕಲೆಕ್ಟರನ ಪತ್ರಗಳಲ್ಲಿ ಮಾತ್ರ ಅರಸುವುದು ಸಾಲದು. ಸಂಸ್ಥಾನದ ಹೆಸರಿನಲ್ಲಿಯೂ ಅರಸಬೇಕು.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ದೃಷ್ಟಿಕೋನದ ಭೇದ. ಲಾವಣಿಯ ವೀರನು ಕಡತದಲ್ಲಿ ವೀರನಾಗಿರುವುದಿಲ್ಲ. ಅಧಿಕಾರಿಯು ಕಂಡುದು ಶಾಂತಿಭಂಗ, ದಂಗೆ, ಲೂಟಿಗಾರರ ಗುಂಪು. ಶೀರ್ಷಿಕೆಯೂ ಆ ಮಾತುಗಳಲ್ಲಿಯೇ ಇರುತ್ತದೆ. ಸ್ವಾತಂತ್ರ್ಯ, ಹೋರಾಟ ಎಂಬ ಇಂದಿನ ಪದಗಳಿಂದ ಆ ಬಾಗಿಲು ತೆರೆಯದು. ರಾಯಣ್ಣನು ಕಿತ್ತೂರಿನ ಶೇತಸನದಿಯಾಗಿದ್ದನು, ಎಂದರೆ ಸೇವೆಗೆ ಪ್ರತಿಯಾಗಿ ಭೂಮಿ ಪಡೆದ ಕಾವಲುಪಡೆಯವನು. ಆ ಭೂಮಿಗಳ ಮೇಲೆ ಬಿದ್ದ ಹೊಸ ಆಡಳಿತದ ಕೈ ಬಂಡಾಯದ ಕಾರಣಗಳಲ್ಲಿ ಒಂದು. ಆದುದರಿಂದ ರಾಜಕೀಯ ಇಲಾಖೆಯ ಸಂಪುಟಗಳಷ್ಟೇ ಅಲ್ಲ, ಇನಾಮು, ಶೇತಸನದಿ, ಭೂಕಂದಾಯಗಳನ್ನು ಕುರಿತ ಕಂದಾಯ ಇಲಾಖೆಯ ನೀರಸವೆನಿಸುವ ಕಡತಗಳೂ, ಶಿಕ್ಷೆಯ ವಿವರಗಳಿಗಾಗಿ ನ್ಯಾಯ ಇಲಾಖೆಯವೂ ಪರಿಶೀಲನಾರ್ಹ. ಜನಪದರ ನೆನಪು ವ್ಯಕ್ತಿಯ ಹೆಸರನ್ನು ಉಳಿಸಿಕೊಂಡಿದ್ದರೆ, ಸರಕಾರದ ನೆನಪು ಜಮೀನಿನ ಲೆಕ್ಕವನ್ನು ಉಳಿಸಿಕೊಂಡಿರುತ್ತದೆ. ಎರಡೂ ಸೇರಿದಾಗಲೇ ಚಿತ್ರ ಪೂರ್ಣವಾಗುತ್ತದೆ.

ಇದಕ್ಕೆ ವಿರುದ್ಧವಾದ ಕಷ್ಟವೂ ಉಂಟು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಂತಹ ಘಟನೆಗೆ ಊರಿನ ಹೆಸರನ್ನಷ್ಟೇ ಕೊಟ್ಟರೆ ದಂಡಿನ ನೆಲೆ, ರೈಲ್ವೆ, ಪುರಸಭೆಗಳ ಕಡತಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಇಲ್ಲಿ ವರ್ಷವನ್ನೂ ಇಲಾಖೆಯನ್ನೂ ಸೇರಿಸಿ ಕ್ಷೇತ್ರವನ್ನು ಕಿರಿದುಗೊಳಿಸುವುದು, ಪದಗುಚ್ಛವನ್ನು ಉದ್ಧರಣ ಚಿಹ್ನೆಗಳೊಳಗೆ ಇರಿಸುವುದು ಸೂಕ್ತ. ಸಣ್ಣ ಊರಿಗೆ ಹುಡುಕಾಟವನ್ನು ಹಿಗ್ಗಿಸಬೇಕು, ದೊಡ್ಡ ಘಟನೆಗೆ ಕುಗ್ಗಿಸಬೇಕು. ಪ್ರಯೋಜನಕರ ಕಡತವೊಂದು ದೊರೆತ ಮೇಲೆ ಮತ್ತೆ ಹೊಸ ಪದಗಳನ್ನು ಯೋಚಿಸುವುದಕ್ಕಿಂತ, ಅದೇ ಶ್ರೇಣಿಯ ಮೇಲಿನ ಹಂತಕ್ಕೆ ಏರಿ ಅದರ ನೆರೆಯ ಕಡತಗಳನ್ನು ಒಂದೊಂದಾಗಿ ನೋಡುವುದು ಹೆಚ್ಚು ಫಲದಾಯಕ.

ದೊರೆತ ಪ್ರತಿಯೊಂದು ಕಡತದ ಗುರುತುಸಂಖ್ಯೆಯನ್ನು ಪೂರ್ಣವಾಗಿ ಬರೆದಿಟ್ಟುಕೊಳ್ಳುವುದು ಹಳೆಯ ಶಿಸ್ತಾದರೂ ಇಂದಿಗೂ ಅನಿವಾರ್ಯ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಗಣಕವ್ಯವಸ್ಥೆಯ ಮೇಲೆ ದಾಳಿ ನಡೆದಾಗ ಅದರ ಆನ್‌ಲೈನ್ ಸೂಚಿಗಳು ತಿಂಗಳುಗಟ್ಟಲೆ ಸಂಶೋಧಕರಿಗೆ ಎಟುಕಲಿಲ್ಲ. ಆಗ ಕಡತದ ಸಂಖ್ಯೆಯನ್ನು ಟಿಪ್ಪಣಿಪುಸ್ತಕದಲ್ಲಿ ಉಳಿಸಿಕೊಂಡವರಿಗೆ ಕನಿಷ್ಠಪಕ್ಷ ತಮಗೆ ಬೇಕಾದುದು ಯಾವುದೆಂಬುದು ತಿಳಿದಿದ್ದಿತು. ಅಂತೆಯೇ ಏನೂ ದೊರೆಯದ ಹುಡುಕಾಟವನ್ನೂ, ಯಾವ ಸೂಚಿಯಲ್ಲಿ, ಯಾವ ಪದಗಳಿಂದ, ಯಾವ ದಿನ ಹುಡುಕಿದುದೆಂಬ ವಿವರಗಳೊಡನೆ ದಾಖಲಿಸಬೇಕು. ಸೂಚಿಗಳು ದಿನೇ ದಿನೇ ಬೆಳೆಯುತ್ತಿರುವುದರಿಂದ ಇಂದಿನ ಶೂನ್ಯ ಫಲಿತಾಂಶವು ನಾಳೆಯ ಸಂಶೋಧಕನಿಗೆ ಅಂತಿಮ ಮಾತಾಗಬಾರದು.

ನಂದಗಡದಲ್ಲಿ ರಾಯಣ್ಣನ ಸಮಾಧಿಯ ಸ್ಥಳವನ್ನು ತೋರಿಸಲು ಸ್ಥಳೀಯರಿಗೆ ಯಾವ ಸೂಚಿಯ ಅಗತ್ಯವೂ ಬಿದ್ದಿಲ್ಲ. ಆ ನೆನಪಿನ ಎದುರಿಗಿಟ್ಟು ಓದಬೇಕಾದ ಪತ್ರಗಳನ್ನು ಧಾರವಾಡದ ಹೆಸರಿನಲ್ಲಿ, ಮುಂಬಯಿ, ದೆಹಲಿ, ಲಂಡನ್ನುಗಳಲ್ಲಿ ಅರಸಬೇಕಾಗಿದೆ. ಸೂಚಿಯು ಉತ್ತರಿಸದಿದ್ದಾಗ ಇತಿಹಾಸವನ್ನು ಶಂಕಿಸುವ ಮೊದಲು ಪ್ರಶ್ನೆಯನ್ನು ತಿದ್ದಿಕೊಳ್ಳುವುದು ಸಂಶೋಧಕನ ಕರ್ತವ್ಯ.