ಅವಧಿಪೂರ್ವ ಹೆರಿಗೆ ತಡೆ: ಚಿಕಿತ್ಸೆ ಮತ್ತು ಸಂಶೋಧನೆ – ಗರ್ಭಿಣಿಯರು ಹಾಗೂ ಕುಟುಂಬದವರಿಗೆ ಮಾಹಿತಿ

1. ಪೀಠಿಕೆ

ಗರ್ಭಾವಸ್ಥೆಯ 37 ವಾರಗಳು ಪೂರ್ಣಗೊಳ್ಳುವ ಮೊದಲೇ ಆಗುವ ಹೆರಿಗೆಯನ್ನು ಅವಧಿಪೂರ್ವ ಹೆರಿಗೆ ಎನ್ನಲಾಗುತ್ತದೆ. 2020ರಲ್ಲಿ ಜಗತ್ತಿನಾದ್ಯಂತ ಅಂದಾಜು 1.34 ಕೋಟಿ ಶಿಶುಗಳು ದಿನ ತುಂಬುವ ಮೊದಲೇ ಜನಿಸಿದ್ದು, ಇವುಗಳ ಪೈಕಿ ಸುಮಾರು 30 ಲಕ್ಷ ಶಿಶುಗಳು ಭಾರತದವು. ಕೆಲವು ಆಸ್ಪತ್ರೆಗಳಲ್ಲಿ ಚಿಕಿತ್ಸೆ ನೀಡುವ ವೈದ್ಯರೇ ಗರ್ಭಿಣಿಯಿಂದ ಸಂಶೋಧನೆಗೂ ಸಮ್ಮತಿ ಕೋರುವುದುಂಟು. ಆಗ ಕುಟುಂಬದವರಲ್ಲಿ ಆತಂಕ ಮೂಡುವುದು ಸಹಜ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ತಿಳಿವಳಿಕೆಗಾಗಿ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಚಿಕಿತ್ಸೆಯ ಜೊತೆಗೆ ಸಂಶೋಧನೆ ಏಕೆ?

ಅವಧಿಗೆ ಮುನ್ನ ಜನಿಸುವ ಶಿಶುವಿನ ಶ್ವಾಸಕೋಶ ಬೆಳೆದಿರುವುದಿಲ್ಲ. ತಾಯಿಗೆ ಮುಂಚಿತವಾಗಿ ಸ್ಟೀರಾಯ್ಡ್ ಚುಚ್ಚುಮದ್ದು ನೀಡಿದರೆ ಶಿಶುವಿನ ಉಸಿರಾಟದ ತೊಂದರೆ ಕಡಿಮೆಯಾಗುತ್ತದೆ ಎಂಬುದನ್ನು ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ವೈದ್ಯರಾದ ಲಿಗಿನ್ಸ್ ಮತ್ತು ಹೋವಿ ಅವರು 282 ತಾಯಂದಿರ ಅಧ್ಯಯನದ ಮೂಲಕ 1972ರಲ್ಲಿ ಪ್ರಕಟಿಸಿದರು.

ಆದರೆ ಒಂದೆಡೆ ಉಪಯುಕ್ತವಾದ ಔಷಧವು ಎಲ್ಲೆಡೆಯೂ ಅದೇ ಫಲ ನೀಡುತ್ತದೆ ಎನ್ನಲಾಗದು. ಬೆಳಗಾವಿ ಮತ್ತು ನಾಗಪುರ ಸೇರಿದಂತೆ 6 ದೇಶಗಳಲ್ಲಿ, ಗ್ರಾಮ ಮಟ್ಟದಿಂದಲೇ ಈ ಚುಚ್ಚುಮದ್ದನ್ನು ವ್ಯಾಪಕವಾಗಿ ನೀಡುವ ಬಗ್ಗೆ ಅಧ್ಯಯನ ನಡೆದು, ಫಲಿತಾಂಶವು 2015ರಲ್ಲಿ ಮುದ್ರಣಗೊಂಡಿತು. ಅತಿ ಕಡಿಮೆ ತೂಕದ ಶಿಶುಗಳ ಮರಣ ತಗ್ಗಲಿಲ್ಲ. ಒಟ್ಟಾರೆ ನವಜಾತ ಶಿಶು ಮರಣವು 1,000 ಜನನಗಳಿಗೆ 23.9ರ ಬದಲು 27.4ರಷ್ಟು ಕಂಡುಬಂದಿತು. ಚುಚ್ಚುಮದ್ದು ಪಡೆದ ತಾಯಂದಿರಲ್ಲಿ ಹೆಚ್ಚಿನವರಿಗೆ ಅಷ್ಟು ಸಣ್ಣ ಶಿಶುಗಳು ಜನಿಸಿರಲೇ ಇಲ್ಲ. ಅಧ್ಯಯನ ನಡೆಯದಿದ್ದಲ್ಲಿ ಈ ಹಾನಿ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಇದಾದ ನಂತರ ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ 5 ದೇಶಗಳ 29 ಆಸ್ಪತ್ರೆಗಳಲ್ಲಿ 2,852 ಗರ್ಭಿಣಿಯರ ಅಧ್ಯಯನ ಕೈಗೊಂಡಿತು. 34 ವಾರಗಳೊಳಗೆ ಹೆರಿಗೆಯಾಗುವ ಸಂಭವವಿದ್ದ ತಾಯಂದಿರಿಗೆ ಮಾತ್ರ, ನವಜಾತ ಶಿಶು ಆರೈಕೆ ಇರುವ ಆಸ್ಪತ್ರೆಗಳಲ್ಲಿ ಡೆಕ್ಸಾಮೆಥಾಸೋನ್ ನೀಡಲಾಯಿತು. ನವಜಾತ ಶಿಶು ಮರಣವು ಶೇ. 23.5ರಿಂದ ಶೇ. 19.6ಕ್ಕೆ ಇಳಿದದ್ದು 2020ರಲ್ಲಿ ವರದಿಯಾಯಿತು. ಗರ್ಭದ ವಾರಗಳನ್ನು ಸ್ಕ್ಯಾನಿಂಗ್ ಮೂಲಕ ಸರಿಯಾಗಿ ತಿಳಿಯುವುದರ ಮಹತ್ವ ಇದರಿಂದ ಮನವರಿಕೆಯಾಗುತ್ತದೆ.

3. ಬೆಳಗಾವಿ ತಾಯಂದಿರ ಕೊಡುಗೆ

ಬೆಳಗಾವಿ ಮತ್ತು ನಾಗಪುರ ಸೇರಿದಂತೆ 6 ದೇಶಗಳಲ್ಲಿ ಚೊಚ್ಚಲ ಗರ್ಭಿಣಿಯರು ಭಾಗವಹಿಸಿದ್ದ ಮತ್ತೊಂದು ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಸುಮಾರು 12,000 ಮಹಿಳೆಯರ ಪೈಕಿ ಕಡಿಮೆ ಪ್ರಮಾಣದ ಆಸ್ಪಿರಿನ್ ಪಡೆದವರಲ್ಲಿ ಅವಧಿಪೂರ್ವ ಹೆರಿಗೆಯು ಶೇ. 11.6 ಇದ್ದು, ಪಡೆಯದವರಲ್ಲಿ ಶೇ. 13.1 ಇತ್ತು. ಆದಾಗ್ಯೂ ವೈದ್ಯರ ಸಲಹೆಯಿಲ್ಲದೆ ಯಾವ ಗರ್ಭಿಣಿಯೂ ಆಸ್ಪಿರಿನ್ ಸೇವಿಸಬಾರದು.

4. ಸಮ್ಮತಿ ಕೋರಿದಾಗ ಗರ್ಭಿಣಿಗೆ ಇರುವ ಹಕ್ಕುಗಳು

ಅ) ಭಾಗವಹಿಸುವುದು ಸಂಪೂರ್ಣ ಸ್ವಇಚ್ಛೆಗೆ ಬಿಟ್ಟದ್ದು. ನಿರಾಕರಿಸಿದರೂ, ಮಧ್ಯದಲ್ಲಿ ಹಿಂದೆ ಸರಿದರೂ ದೊರೆಯಬೇಕಾದ ಚಿಕಿತ್ಸೆಗೆ ಯಾವುದೇ ಚ್ಯುತಿ ಬರುವಂತಿಲ್ಲ.
ಆ) ಉದ್ದೇಶ, ವಿಧಾನ, ಪ್ರಯೋಜನ ಹಾಗೂ ಅಪಾಯಗಳನ್ನು ಆಕೆಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸತಕ್ಕದ್ದು.
ಇ) ಓದು ಬರಹ ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿಯ ಸಮಕ್ಷಮ ವಿವರಣೆ ನೀಡತಕ್ಕದ್ದು.
ಈ) ಅಧ್ಯಯನಕ್ಕೆ ನೈತಿಕತಾ ಸಮಿತಿಯ ಅನುಮೋದನೆ ಇರತಕ್ಕದ್ದು. ಔಷಧ ಪ್ರಯೋಗವಾದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿರತಕ್ಕದ್ದು. ಈ ನೋಂದಣಿಯನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ಉಚಿತವಾಗಿ ಪರಿಶೀಲಿಸಬಹುದು.
ಉ) ಔಷಧ ಪ್ರಯೋಗದಿಂದ ತೊಂದರೆಯಾದಲ್ಲಿ 2019ರ ನಿಯಮಗಳನ್ವಯ ಉಚಿತ ಚಿಕಿತ್ಸೆ ಹಾಗೂ ಪರಿಹಾರಕ್ಕೆ ಅವಕಾಶವಿರುತ್ತದೆ.

5. ಸೇವೆ ಪಡೆಯುವ ವಿಧಾನ

ಗರ್ಭಿಣಿಯು ಮೊದಲ 3 ತಿಂಗಳೊಳಗೆ ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ನೋಂದಾಯಿಸಿಕೊಂಡು ತಾಯಿ ಕಾರ್ಡ್ ಪಡೆಯಬೇಕು. ಕೊನೆಯ ಮುಟ್ಟಿನ ದಿನಾಂಕವನ್ನು ತಪ್ಪದೆ ತಿಳಿಸಬೇಕು. ಹಿಂದಿನ ಹೆರಿಗೆ ಅವಧಿಗೆ ಮುನ್ನ ಆಗಿದ್ದಲ್ಲಿ ಅದನ್ನೂ ಕಾರ್ಡಿನಲ್ಲಿ ಬರೆಯಿಸಬೇಕು. ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆ ಇರುತ್ತದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಔಷಧಿ, ಪರೀಕ್ಷೆ, ಊಟ ಹಾಗೂ ವಾಹನ ಸೌಲಭ್ಯ ಉಚಿತ.

37 ವಾರಗಳಿಗೆ ಮುನ್ನ ಬಿಟ್ಟು ಬಿಟ್ಟು ಹೊಟ್ಟೆನೋವು ಅಥವಾ ಸೊಂಟನೋವು, ನೀರು ಹೋಗುವುದು, ರಕ್ತಸ್ರಾವ ಅಥವಾ ಮಗುವಿನ ಚಲನೆ ಕಡಿಮೆಯಾಗುವುದು ಕಂಡುಬಂದಲ್ಲಿ 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅರ್ಹ ಗರ್ಭಿಣಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದನ್ನು 12 ಗಂಟೆಗಳಿಗೊಮ್ಮೆ 4 ಬಾರಿ ನೀಡಬೇಕಾಗಿರುವುದರಿಂದ ಬೇಗ ತಲುಪಿದಷ್ಟೂ ಶಿಶುವಿಗೆ ಒಳಿತು.

6. ವಿಶೇಷ ಸೂಚನೆ

ತಾಯಿ ಕಾರ್ಡ್ ಹಾಗೂ ಸ್ಕ್ಯಾನಿಂಗ್ ವರದಿಗಳನ್ನು ಜೊತೆಯಲ್ಲಿ ಒಯ್ಯುವುದು. ತುರ್ತು ಸಂದರ್ಭದಲ್ಲಿ ದಾಖಲೆಗಳನ್ನು ಹುಡುಕುತ್ತಾ ವಿಳಂಬ ಮಾಡಬಾರದು.