ಪದ ಪರಿಚಯ: ರೆಪ್ಯುಡಿಯೇಟ್

ರೆಪ್ಯುಡಿಯೇಟ್ – ನಂಟನ್ನೋ ಹೊಣೆಯನ್ನೋ ತನ್ನದಲ್ಲವೆಂದು ಕಳಚಿಕೊಳ್ಳು.

ವಿಮಾ ಕಂಪನಿಗಳ ಪತ್ರಗಳಲ್ಲಿ ಈ ಪದ ಆಗಾಗ ಕಾಣುತ್ತದೆ. ಕ್ಲೇಮ್ ರೆಪ್ಯುಡಿಯೇಟ್ ಆಗಿದೆ ಎಂದು ಬಂದರೆ ‘ರಿಜೆಕ್ಟ್ ಆಯ್ತು’ ಎಂದುಕೊಳ್ಳುತ್ತೇವೆ. ಎರಡೂ ಒಂದೇ ಅಲ್ಲ. ರಿಜೆಕ್ಟ್‌ನ ಲ್ಯಾಟಿನ್ ಬೇರಿಗೆ ‘ಹಿಂದಕ್ಕೆ ಎಸೆ’ ಎಂಬ ಅರ್ಥ. ಅರ್ಜಿ, ಸರಕು, ಸಲಹೆ, ಯಾವುದನ್ನೂ ಎಸೆಯಬಹುದು. ರೆಪ್ಯುಡಿಯೇಟ್ ಮಾಡಬೇಕಾದರೆ ಮೊದಲು ಒಂದು ಕಟ್ಟುಪಾಡು ಇರಬೇಕು, ಅಥವಾ ಇದೆಯೆಂದು ಯಾರಾದರೂ ವಾದಿಸುತ್ತಿರಬೇಕು. ಪ್ರಾಚೀನ ರೋಮಿನಲ್ಲಿ ‘ರೆಪುಡಿಯುಂ’ ಎಂದರೆ ಮದುವೆಯನ್ನೋ ನಿಶ್ಚಿತಾರ್ಥವನ್ನೋ ಒಬ್ಬರೇ ಮುರಿದುಕೊಳ್ಳುವುದು. 1918ರಲ್ಲಿ ಸೋವಿಯತ್ ಸರ್ಕಾರ ತ್ಸಾರ್ ಕಾಲದ ಸಾಲಗಳಿಗೆ ತಾನು ಹೊಣೆಯಲ್ಲ ಎಂದದ್ದಕ್ಕೂ ಇತಿಹಾಸಕಾರರು ಇದೇ ಪದ ಬಳಸುತ್ತಾರೆ.

ಬೇಡವೆನ್ನುವ ಇಂಗ್ಲಿಷ್ ಪದಗಳಲ್ಲಿ ಡಿಕ್ಲೈನ್ ಸಭ್ಯರ ಮಾತು. ಮೂಲದಲ್ಲಿ ಪಕ್ಕಕ್ಕೆ ವಾಲು, ಬಾಗು. ಮದುವೆ ಊಟದಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಎನ್ನುವ ಬಗೆ. ಸ್ಪರ್ನ್ ಇದಕ್ಕೆ ತದ್ವಿರುದ್ಧ. ಹಳೆಯ ಇಂಗ್ಲಿಷಿನಲ್ಲಿ ಅದು ಕಾಲಿನಿಂದ ಒದೆಯುವುದೇ. ಕುದುರೆ ಸವಾರನ ಹಿಮ್ಮಡಿಯ ಮುಳ್ಳಾದ ‘ಸ್ಪರ್’ ಅದರ ಬಂಧು. ಸಂಸ್ಕೃತದ ‘ಸ್ಫುರ್’ ಧಾತುವನ್ನೂ ಭಾಷಾವಿಜ್ಞಾನಿಗಳು ಇದೇ ವಂಶಕ್ಕೆ ಸೇರಿಸುತ್ತಾರೆ. ನಮ್ಮ ಕವಿಗಳ ಸ್ಫೂರ್ತಿಗೆ ಎಂಥ ಒದೆಯುವ ನೆಂಟ!

ಕನ್ನಡ ಪತ್ರಿಕೆಗಳು ಮಾತ್ರ ಇವುಗಳಿಗೆಲ್ಲ ಹೆಚ್ಚಾಗಿ ‘ತಿರಸ್ಕೃತ’ ಎಂದು ಬರೆದು ಮುಗಿಸುತ್ತವೆ. ಆ ಪದದಲ್ಲಿ ಹೀಯಾಳಿಕೆಯ ವಾಸನೆಯಿದೆ. ಸಹಿ ಬಿಟ್ಟುಹೋದ ನಾಮಪತ್ರಕ್ಕೆ ಅಷ್ಟು ಅವಮಾನ ಬೇಡ, ‘ಅಸಿಂಧು’ ಸಾಕು. ವಿಮೆಯ ಪತ್ರಕ್ಕಾದರೆ ‘ಹೊಣೆ ನಿರಾಕರಣೆ’ ಎನ್ನಬಹುದು.